ಜೋಳದ ಹೊಲದಲ್ಲಿ ಮೊದಲ ಭಾಗ

ಶಹಾಬಾದಿನ ಶೌಕತ ಅಲಿಗೆ ಹಳೆಯ ಸಿನಿಮಾ ಎಂದರೆ ಪ್ರಾಣ. ಆದರೆ ಆತ ಸಿನಿಮಾ ನೋಡುವುದಿಲ್ಲ.

ಸ್ಟೇಷನ್ ರಸ್ತೆಯಲ್ಲಿ ಆತನದೊಂದು ಸಣ್ಣ ಅಂಗಡಿ. ಮೊಬೈಲಿಗೆ ಗಾಜು ಅಂಟಿಸುವುದು, ಕವರ್ ಹಾಕುವುದು ಕೆಲಸ. ಗೀರು ಬೀಳದಂತೆ ನೋಡಿಕೊಳ್ಳುವುದೇ ಹೊಟ್ಟೆಪಾಡು. ಆ ಗುಣ ಅಂಗಡಿ ಬಾಗಿಲು ಹಾಕಿದ ಮೇಲೂ ಆತನನ್ನು ಬಿಡುತ್ತಿರಲಿಲ್ಲ. ಹಳೆಯ ಕಪ್ಪು ಬಿಳುಪು ಚಿತ್ರಗಳನ್ನು ತೊಳೆದು ಬೆಳಗಿ, ಡಿಸ್ಕಿಗೆ ಏರಿಸಿ, ಚಂದದ ಡಬ್ಬಿಯಲ್ಲಿಟ್ಟು, ಇಷ್ಟೇ ಪ್ರತಿ, ಮತ್ತೆ ತೆಗೆಯುವುದಿಲ್ಲ ಎಂದು ಮಾರುವ ಕಂಪನಿಗಳಿವೆ. ಲಿಮಿಟೆಡ್ ಎಡಿಷನ್ ಎನ್ನುತ್ತಾರೆ. ಅಂಥವುಗಳಿಂದ ಶೌಕತನ ಕಪಾಟು ತುಂಬಿತ್ತು. ಒಂದರ ಮೇಲಿನ ಪ್ಲಾಸ್ಟಿಕ್ಕನ್ನೂ ಆತ ಹರಿದಿರಲಿಲ್ಲ. ಸೀಲು ಒಡೆದರೆ ಡಬ್ಬಿಯ ಮಾನ ಹೋಯಿತು ಎಂಬುದು ಈ ಹುಚ್ಚಿನವರ ಶಾಸ್ತ್ರ. ಡಿಸ್ಕು ಹಾಕಲು ಒಂದು ಪ್ಲೇಯರನ್ನೂ ತಂದಿದ್ದ. ಅದೂ ಪೆಟ್ಟಿಗೆ ಬಿಚ್ಚಿಸಿಕೊಳ್ಳದೆ ಕಪಾಟಿನ ಮೇಲೆ ಕುಳಿತಿತ್ತು. ಹೆಂಡತಿ ಜಬೀನಾ ಅದರ ಮೇಲೆ ಇಸ್ತ್ರಿ ಪೆಟ್ಟಿಗೆ ಇಡುತ್ತಿದ್ದಳು.

"ಇವೆಲ್ಲ ಮೊಬೈಲ್‌ನ್ಯಾಗ ಪುಕ್ಕಟ ಬರ್ತಾವಲ್ಲ ಭಾಯ್," ಎಂದು ಗಿರಾಕಿಗಳು ಕೇಳಿದರೆ, "ಗಂಗಾಳದಾಗ ನೀರ್ ಹಾಕಿಟ್ರ ಚಂದ್ರನೂ ಕಾಣ್ತಾನ. ಹಂಗಂತ ಚಂದ್ರ ನಿಮ್ಮನಿಗಿ ಬಂದಂಗಾಯ್ತೇನು?" ಎನ್ನುತ್ತಿದ್ದ. ಗಿರಾಕಿ ಸುಮ್ಮನಾಗುತ್ತಿದ್ದ. ಒಪ್ಪಿಯಲ್ಲ, ಗಾಜು ಇನ್ನೂ ಅರ್ಧ ಅಂಟಿಸಬೇಕಾಗಿದ್ದರಿಂದ.

ಶೌಕತನಿಗೆ ಇದ್ದದ್ದು ಒಂದೇ ಕೊರಗು. ಒಂದು ಹಳೆಯ ಚಿತ್ರ ಎರಡು ಭಾಗವಾಗಿ, ಎರಡು ಸ್ಟೀಲ್ ಡಬ್ಬಿಗಳಲ್ಲಿ ಬಂದಿತ್ತು. ಮೊದಲ ಭಾಗ ಆತನ ಹತ್ತಿರ ಇತ್ತು. ಎರಡನೆಯದು ಸೇಡಂನಲ್ಲಿ ಹೊಲಿಗೆ ಯಂತ್ರ ಮಾರುವ ಆನಂದಕುಮಾರನ ಹತ್ತಿರ. ಆತನೂ ಇದೇ ಜಾತಿಯ ಹುಚ್ಚ. ನೀನು ಕೊಡು, ಇಲ್ಲ ನೀನೇ ಕೊಡು ಎಂದು ಇಬ್ಬರೂ ವರ್ಷಗಟ್ಟಲೆ ಫೋನಿನಲ್ಲಿ ಜಗ್ಗಾಡಿದರು.

ಹೋದ ಚಳಿಗಾಲದಲ್ಲಿ ಆನಂದಕುಮಾರ ಸೋತ. ಆತನ ಹೆಂಡತಿ ಕರುಣಾ, "ಮನ್ಯಾಗ ಈ ಡಬ್ಬಿಗಳರ ಇರಬೇಕು, ಇಲ್ಲ ನಾನರ ಇರಬೇಕು," ಎಂದಳು. ಆತ ವಿಚಾರ ಮಾಡಿ ಹೇಳುತ್ತೇನೆ ಎಂದನಂತೆ. ಆಮೇಲೆ ಆದದ್ದನ್ನು ಆತ ಯಾರ ಮುಂದೆಯೂ ಹೇಳಿಲ್ಲ. ಅಂತೂ ಒಂದೊಂದು ಡಬ್ಬಿಯನ್ನೂ ಒಳ್ಳೆಯ ಮನೆ ನೋಡಿ ಕೊಟ್ಟುಬಿಡಲು ಹೊರಟ.

"ಶೌಕತ ಭಾಯ್, ಎರಡನೇದು ನಿಮಗೇ ಕೊಡ್ತೀನಿ. ರೊಕ್ಕ ಬ್ಯಾಡ. ಆದ್ರ ನಿಮ್ಮ ಮೊದಲನೇದು ಸೀಲ್ ಸಮೇತ ಇರಬೇಕು. ಕಣ್ಣೀಲೆ ನೋಡೇ ಕೊಡಾಂವ. ಹೆಣ್ ಕೊಡೋ ಮುಂದ ಗಂಡಿನ ಮನಿ ನೋಡಂಗಿಲ್ಲೇನು?"

"ಬರ್ರಿ, ನೋಡ್ರಿ. ಕಣ್ಣಾಗಿಟ್ಟು ಕಾದೀನಿ," ಎಂದ ಶೌಕತ.

ಆದಿತ್ಯವಾರ ಆನಂದಕುಮಾರ ವಾಡಿಯಲ್ಲಿ ಗಾಡಿ ಬದಲಿಸಿ ಬಂದಿಳಿದ. ಹೆಗಲಲ್ಲಿ ಚೀಲ, ಚೀಲದಲ್ಲಿ ಟವೆಲು, ಟವೆಲಿನಲ್ಲಿ ಡಬ್ಬಿ. ಸುಸಲಾ, ಮಿರ್ಚಿ ತಿಂದು, ಕೈ ತೊಳೆದು, ಕಪಾಟಿನ ಅರೆಗಳ ಮೇಲೆ ಬೆರಳಾಡಿಸಿದ. ಗೋಡೆಗೆ ಮೂಗು ಹಚ್ಚಿ ತೇವದ ವಾಸನೆ ನೋಡಿದ.

"ಬಿಸಲು ಬೀಳಂಗಿಲ್ಲಲ್ಲ?"

"ನಮ್ಮ ಮ್ಯಾಲ ಬೀಳ್ತದ್ರಿ ಅಣ್ಣಾ, ಅವುಗಳ ಮ್ಯಾಲ ಬೀಳಂಗಿಲ್ಲ," ಎಂದಳು ಜಬೀನಾ ಅಡುಗೆಮನೆಯಿಂದ.

ಮೊದಲ ಭಾಗ ಕಪಾಟಿನಲ್ಲಿರಲಿಲ್ಲ. ಎಲ್ಲಕ್ಕಿಂತ ಬೆಲೆಯುಳ್ಳದ್ದನ್ನು ಎಲ್ಲರಿಗೂ ಕಾಣುವಲ್ಲಿ ಇಡಬಾರದೆಂದು ಶೌಕತ ಅದನ್ನು ತಾಯಿಯ ಸಂದೂಕದ ತಳದಲ್ಲಿ ಇಟ್ಟಿದ್ದ. ಆ ಸಂದೂಕಕ್ಕೆ ಕಳ್ಳರೂ ಕೈ ಹಾಕುವುದಿಲ್ಲ ಎಂಬ ಧೈರ್ಯ. ಈಗ ಸೀರೆ, ಶಾಲು, ನುಸಿಗುಳಿಗೆ ಎಲ್ಲ ಹೊರಗೆ ತೆಗೆದ. ಡಬ್ಬಿ ಇರಲಿಲ್ಲ.

"ಅಮ್ಮಿ, ಇದರಾಗೊಂದು ಸ್ಟೀಲ್ ಡಬ್ಬಿ ಇತ್ತಲ್ಲ?"

ತಾಯಿ ಮಾಶಾಬಿ ಹೊರಸಿನ ಮೇಲೆ ಕುಳಿತು ಎಲೆ ಅಗಿಯುತ್ತಿದ್ದಳು. ಬಾಯಿ ತುಂಬಿದ್ದರಿಂದ ಮಾತಾಡದೆ ತೊಡೆಯ ಮೇಲಿನ ಡಬ್ಬಿ ಎತ್ತಿ ತೋರಿಸಿದಳು. ಮುಚ್ಚಳದ ಮೇಲೆ ಚಿತ್ರದ ನಾಯಕಿ, ನಾಯಕಿಯ ಕೆನ್ನೆಯ ಮೇಲೆ ಸುಣ್ಣ. ತೆರೆದರೆ ಒಂದು ಕಡೆ ಎಲೆ, ಇನ್ನೊಂದು ಕಡೆ ಅಡಕೆ.

ಆಕೆ ಅಂಗಳಕ್ಕೆ ಹೋಗಿ ಉಗುಳಿ ಬಂದಳು. "ನನ್ನ ಪಾನದಾನದ ಮುಚ್ಚಳ ಮುರೀತು. ಇದು ನನ್ನ ಸಂದೂಕದಾಗ ಸಿಕ್ತು. ಮಗ ಹೆಂಡ್ತಿಗಿ ಹೇಳ್ಲಾರ್ದೇ ನನಗ ತಂದಿಟ್ಟಾನ ಅಂತ ಖುಷಿ ಸೈತ ಆಯ್ತು."

"ಒಳಗಿಂದು?"

"ಒಳಗೇನಿತ್ತು? ಒಂದು ಹೊಳಿಯೋ ತಾಟಿತ್ತು. ಹಾಲಿನ ಸಾಯಬಣ್ಣ ನೋಡಿ, ಹೊಲಕ್ಕ ಕಟ್ತೀನಿ ಕೊಡ್ರಿ ಅಂದ. ಕೊಟ್ಟೆ. ನಾಕು ತೆನಿ ಉಳದ್ರ ನನಗೂ ಪುಣ್ಯ."

ಆನಂದಕುಮಾರ ಚೀಲವನ್ನು ಮೆಲ್ಲಗೆ ಮಡಿಲಿಗೆ ಎಳೆದುಕೊಂಡ. "ನಾ ಹೊಂಡ್ತೀನಿ ಭಾಯ್."

"ಹಿಂಗ್ ಮಾಡಬ್ಯಾಡ್ರಿ. ಒಮ್ಮೆ ಹೋಗಿ ನೋಡೂಣು."

"ಸೀಲ್ ಹೋತು. ಮಾನ ಹೋತು."

"ಜೀವರ ಅದನೋ ಇಲ್ಲೋ ನೋಡೂಣು ಬರ್ರಿ," ಎಂದು ಶೌಕತ ಆತನನ್ನು ಮೋಟಾರ್ ಸೈಕಲ್ ಮೇಲೆ ಕೂಡಿಸಿಕೊಂಡ. ವಾಪಸು ಗಾಡಿಗೆ ಇನ್ನೂ ಬಹಳ ಹೊತ್ತಿದ್ದುದರಿಂದ ಆನಂದಕುಮಾರ ಕುಳಿತ.

ಭಂಕೂರಿನಲ್ಲಿ ಸಾಯಬಣ್ಣನ ಬಿಳಿಜೋಳ ಹಾಲುಗಾಳು ಕಟ್ಟಿತ್ತು. ಹೊಲದ ಉದ್ದಕ್ಕೂ ದಾರ ಕಟ್ಟಿ, ಹಕ್ಕಿ ಬೆದರಲೆಂದು ಹಳೆಯ ಸಿಡಿ ತೂಗುಬಿಟ್ಟಿದ್ದ. ಯಾರದೋ ಮದುವೆ, ಯಾರದೋ ಶಾಲೆಯ ಗ್ಯಾದರಿಂಗ್, ಚುನಾವಣೆಯಲ್ಲಿ ಬಿದ್ದ ಯಾರದೋ ಭಾಷಣ, ಎಲ್ಲವೂ ಗಾಳಿಗೆ ತಿರುಗುತ್ತಿದ್ದವು. ಅವುಗಳ ನಡುವೆ ನೀಲಿ ಹೊಳಪಿನ ಒಂದು ಡಿಸ್ಕು. ಶೌಕತ ಅದನ್ನು ದೂರದಿಂದಲೇ ಗುರುತು ಹಿಡಿದ.

"ಅದೊಂದ್ ಬಿಟ್ಟು ಯಾವ್ದರ ಒಯ್ಯಿ," ಎಂದ ಸಾಯಬಣ್ಣ. "ಮದುವಿ ಸಿಡಿಗಿ ಗಿಣಿ ಅಂಜಂಗಿಲ್ಲ. ಊಟಕ್ಕ ಕರದಂಗ ಬರ್ತಾವ. ಅದೊಂದಕ್ಕೇ ಅಂಜ್ತಾವ ನೋಡು."

"ಅಂಜ್ದೆ ಏನು ಮಾಡ್ತಾವ್ರಿ," ಎಂದ ಆನಂದಕುಮಾರ, ತನ್ನ ಮಗಳನ್ನೇ ಹೊಗಳಿದಂತೆ ಉಬ್ಬಿ. "ಹೊಸದಾಗಿ ತೊಳ್ದು ತೆಗೆದ ಪ್ರಿಂಟ್ ಅದ."

"ಕಾಕಾ, ಅಮ್ಮಿ ಕೊಟ್ಟದ್ದು ಖರೆ, ಆದ್ರ ಅದು ನಂದು," ಎಂದ ಶೌಕತ.

"ನಿಂದಂದ್ರ ನಿಂದೇ. ಆದ್ರ ಗಿಣಿಗಿ ಯಾರು ಹೇಳಬೇಕು?"

ಶೌಕತ ಮೋಟಾರ್ ಸೈಕಲ್ಲಿನ ಎಡಗನ್ನಡಿ ಬಿಚ್ಚಿ ಕೊಟ್ಟ. ಸಾಯಬಣ್ಣ ಅದನ್ನು ಬಿಸಿಲಿಗೆ ಹಿಡಿದು, ಮೀಸೆ ತೀಡಿಕೊಂಡು, ಅಡ್ಡಿಯಿಲ್ಲ ಎಂದು ದಾರಕ್ಕೆ ಕಟ್ಟಿದ.

ಆನಂದಕುಮಾರ ಡಿಸ್ಕನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ನಡುವೆ ಹುಟ್ಟಿನಿಂದಲೇ ತೂತಿದ್ದ ಕಾರಣ ಯಾರೂ ಮೊಳೆ ಹೊಡೆದಿರಲಿಲ್ಲ. ಒಂದು ಕಡೆ ಹಕ್ಕಿಯ ಹಿಕ್ಕೆ. ಅದು ಒಂದು ಹಕ್ಕಿಯಾದರೂ ಅಂಜಿಲ್ಲ ಎಂಬುದಕ್ಕೆ ಸಾಕ್ಷಿಯಾಗಿತ್ತು, ಯಾರೂ ಆ ಮಾತು ಎತ್ತಲಿಲ್ಲ. ಆತ ತನ್ನ ಕರವಸ್ತ್ರದಿಂದ ಒರೆಸಿದ.

"ಓಡಿದ್ರ ಕೊಡ್ತೀನಿ. ಓಡಲಿಲ್ಲಂದ್ರ ಇಲ್ಲ. ಇದು ನನ್ನ ಕಡೀ ಮಾತು."

ಓಡಿಸಿ ನೋಡಬೇಕಾದರೆ ಪ್ಲೇಯರ್ ಪೆಟ್ಟಿಗೆ ಒಡೆಯಬೇಕು. ಮನೆಗೆ ಬಂದು ಶೌಕತ ಅದರ ಮುಂದೆ ಕುಳಿತು ಅಂಟುಪಟ್ಟಿಯ ಮೇಲೆ ಕೈಯಾಡಿಸುತ್ತಿರುವಾಗ ಜಬೀನಾ ಈಳಿಗೆ ಮಣೆಯನ್ನೇ ಎತ್ತಿ ತಂದಳು. ಮದುವೆಯಾದಾಗಿನಿಂದ ಆಕೆ ಯಾವುದನ್ನೂ ಅಷ್ಟು ಬೇಗ ತಂದುಕೊಟ್ಟಿರಲಿಲ್ಲ.

ಡಿಸ್ಕು ಓಡಿತು. ಗಂಡಸೊಬ್ಬ ಎಷ್ಟೋ ವರ್ಷದ ಮೇಲೆ ಊರಿಗೆ ಬರುತ್ತಾನೆ. ಇಬ್ಬರು ಹೆಂಗಸರು ಆತ ತನ್ನ ಗಂಡ ಎನ್ನುತ್ತಾರೆ. ಆತನಿಗೆ ಯಾರ ನೆನಪೂ ಇಲ್ಲ. ಮಾತು ಕೋರ್ಟಿಗೆ ಹೋಗುತ್ತದೆ.

"ಆ ಸಣ್ಣಾಕಿ ಸುಳ್ಳ್ ಹೇಳಾಕತ್ತಾಳ. ಕಣ್ಣು ನೋಡ್ರಿ," ಎಂದಳು ಮಾಶಾಬಿ.

"ದೊಡ್ಡಾಕಿದೇ ನಾಟಕ ಅದ," ಎಂದಳು ಜಬೀನಾ.

"ಆ ಗಂಡ್ಸೇ ಲಫಂಗ ಇರ್ಬೇಕು," ಎಂದ ಆನಂದಕುಮಾರ.

ಈ ಡಬ್ಬಿ ಎಲ್ಲಿ ತಯಾರಾಯಿತು, ಎಷ್ಟು ಪ್ರತಿ ಬಂತು, ಮುಚ್ಚಳಕ್ಕೆ ಯಾವ ಬಣ್ಣ ಬಳಿದರು, ಎಲ್ಲ ಶೌಕತನಿಗೆ ಗೊತ್ತಿತ್ತು. ಕಥೆ ಮಾತ್ರ ಗೊತ್ತಿರಲಿಲ್ಲ. ಜಡ್ಜ್ ಕನ್ನಡಕ ಏರಿಸಿದ, ಕಾಗದ ಸರಿಸಿದ, ಬಾಯಿ ತೆರೆದ. ಮೊದಲ ಭಾಗ ಮುಗಿಯಿತು.

"ಮುಂದಿಂದು ಹಾಕ್ರಿ," ಎಂದಳು ಮಾಶಾಬಿ.

ಆನಂದಕುಮಾರ ಟವೆಲು ಬಿಚ್ಚಿ ಡಬ್ಬಿಯನ್ನು ಎರಡೂ ಕೈಯಿಂದ ಶೌಕತನಿಗೆ ಕೊಟ್ಟ. "ಮಾತು ಉಳಿಸ್ಕೊಂಡೀನಿ. ಇನ್ನ ಇದು ನಿಮ್ಮನೀದು."

ಶೌಕತ ಅದನ್ನು ಹಿಡಿದುಕೊಂಡ. ಪ್ಲಾಸ್ಟಿಕ್ಕಿನ ಮೇಲೆ ಒಂದು ಸುಕ್ಕಿರಲಿಲ್ಲ. ಜೋಡಿಯಲ್ಲಿ ಒಂದರ ಗತಿ ಆದದ್ದಾಯಿತು. ಇದೊಂದಾದರೂ ಹೀಗೇ ಉಳಿಯಬಹುದಿತ್ತು.

"ಅಮ್ಮಿ, ಇದು ಸೀಲ್ ಅದ. ಒಡದ್ರ ಇಂಥಾದ್ದು ಮತ್ತ ಸಿಗಂಗಿಲ್ಲ."

"ನಾನೂ ಮತ್ತ ಸಿಗಂಗಿಲ್ಲ. ಜಡ್ಜ್ ಏನಂದ ಅಂತ ಗೊತ್ತಾಗ್ಲಾರ್ದೇ ಸಾಯ್ಲೇನು?"

ಶೌಕತ ಸಹಾಯಕ್ಕಾಗಿ ಆನಂದಕುಮಾರನ ಮುಖ ನೋಡಿದ. ಆತ ಜಂತಿ ನೋಡುತ್ತಿದ್ದ.

"ನನಗೂ ಗೊತ್ತಿಲ್ರಿ ಭಾಯ್," ಎಂದ ಆತ ಸಣ್ಣ ದನಿಯಲ್ಲಿ. "ಇಷ್ಟು ವರ್ಷ ಮನ್ಯಾಗ ಇಟ್ಕೊಂಡೀನಿ. ಏನಂದ ಅಂತ ಗೊತ್ತಿಲ್ಲ."

ಶೌಕತ ಬಿಸ್ಮಿಲ್ಲಾ ಎಂದು ಮೂಲೆಗೆ ಉಗುರು ಹಾಕಿ ಎಳೆದ. ಪ್ಲಾಸ್ಟಿಕ್ಕು ಚರ್ ಎಂದಿತು. ಇಬ್ಬರೂ ಗಂಡಸರು ಒಟ್ಟಿಗೇ ಕಣ್ಣು ಮುಚ್ಚಿದರು.

ಎರಡನೆಯ ಭಾಗದಲ್ಲೂ ಜಡ್ಜ್ ಬಹಳ ಸತಾಯಿಸಿದ. ಆತ ತೀರ್ಪು ಓದುವ ಮೊದಲು ಇಬ್ಬರು ಹೆಂಗಸರೂ ಒಂದೊಂದು ಹಾಡು ಹಾಡಬೇಕಾಗಿತ್ತು. ಮೊದಲ ಹಾಡಿಗೇ ಮಾಶಾಬಿ ಗೋಡೆಗೊರಗಿ ಗೊರಕೆ ಹೊಡೆಯತೊಡಗಿದಳು. ಶೌಕತ ನಿಲ್ಲಿಸಲೆಂದು ಕೈ ಮುಂದೆ ಮಾಡಿದ.

"ಕೈ ತೆಗೀರಿ," ಎಂದ ಆನಂದಕುಮಾರ. ಆತನ ಜೇಬಿನಲ್ಲಿ ಕರುಣಾಳ ಫೋನು ಆಗಿನಿಂದ ಗುಂಯ್‌ಗುಡುತ್ತಿತ್ತು. ವಾಡಿಗೆ ಹೋಗುವ ಗಾಡಿಯ ಹೊತ್ತು ಮೀರಿತ್ತು.

"ಇಬ್ಬರೂ ಜರಾ ಸರೀರಿ," ಎಂದು ಜಬೀನಾ ಗಂಡನನ್ನು ಮೊಣಕೈಯಿಂದ ತಳ್ಳಿ ಟಿವಿಯ ಮುಂದೆ ತಾನೂ ಕುಳಿತಳು.