ಸಾವಂತ್ರೆವ್ವನ ಖರೇದಿ

ಹುಬ್ಬಳ್ಳಿಯ ಅಂಚಿನ ತಾರಿಹಾಳದ ಸಣ್ಣಪುಟ್ಟ ಕಾರ್ಖಾನೆಗಳಲ್ಲಿ ಬಿಸಿ ಕಬ್ಬಿಣ ಹಿಡಿಯುವವರ ಕೈ ಸುಡದೆ ಉಳಿದಿದ್ದರೆ ಅದರಲ್ಲಿ ಸಾವಂತ್ರೆವ್ವನ ಪಾಲೂ ಇದೆ. ದಪ್ಪ ಬಟ್ಟೆಯ ಕೈಗವಸು ಹೊಲಿದುಕೊಡುವುದು ಅವಳ ಉದ್ಯೋಗ. ಗಂಡ ತೀರಿಕೊಂಡಾಗ ಇದ್ದದ್ದು ಒಂದು ಹಳೆಯ ಹೊಲಿಗೆ ಯಂತ್ರ. ಈಗ ಬಾಡಿಗೆ ಶೆಡ್ಡಿನಲ್ಲಿ ಯಂತ್ರಗಳ ಸಾಲು, ಕೆಲಸಕ್ಕೆ ಮೂವರು ಹೆಣ್ಣುಮಕ್ಕಳು, ಮತ್ತು ಸಾವಂತ್ರೆವ್ವನ ಬಾಯಿ. ಆ ಬಾಯಿ ಮಷೀನಿಗಿಂತ ಜೋರು ಎಂದು ಗಿರಾಕಿಗಳು ಆಡಿಕೊಳ್ಳುತ್ತಾರೆ. ಅದು ಅವಳ ಕಿವಿಗೆ ಬಿದ್ದರೆ ಅವಳಿಗೆ ಖುಷಿಯೇ.

ಇಷ್ಟೆಲ್ಲ ಇದ್ದೂ ಸ್ವಂತ ಮನೆ ಇರಲಿಲ್ಲ. ಬಾಡಿಗೆ ಮನೆಯ ಮಾಲೀಕರ ಪುರಾಣವನ್ನು ಅವಳ ಬಾಯಿಂದಲೇ ಕೇಳಬೇಕು. ಒಬ್ಬರಿಗೆ ಗೋಡೆಗೆ ಮೊಳೆ ಹೊಡೆದರೆ ಆಗುತ್ತಿರಲಿಲ್ಲ, ಇನ್ನೊಬ್ಬರಿಗೆ ಮನೆಗೆ ಬೀಗರು ಬಂದರೆ ಆಗುತ್ತಿರಲಿಲ್ಲ. ಮಗಳನ್ನು ಮದುವೆ ಮಾಡಿ ಕೊಟ್ಟದ್ದೂ ಬಾಡಿಗೆ ಮನೆಯ ಹೊಸ್ತಿಲಿನಿಂದಲೇ. ಆ ಸಂಕಟ ಅವಳೊಳಗೆ ಹಾಗೇ ಉಳಿದಿತ್ತು.

ಹೀಗಿರುವಾಗ ಮನೆ-ಜಾಗ ಕೊಡಿಸುವ ಏಜೆಂಟ್ ಬಂದೇನವಾಜ ಗೋಕುಲ ರಸ್ತೆಯ ಹಿಂದಿನ ಓಣಿಯೊಂದರಲ್ಲಿ ಒಂದು ಮನೆ ತೋರಿಸಿದ. ಎರಡು ಕೋಣೆ, ಬೆಳಗಿನ ಬಿಸಿಲು ಬೀಳುವ ಅಡುಗೆಮನೆ, ಹಿತ್ತಿಲಲ್ಲಿ ಕರಿಬೇವಿನ ಗಿಡ. ಸಾವಂತ್ರೆವ್ವನ ಮುಖ ಅರಳಿದ್ದನ್ನು ಕಂಡು ಅವನು ಮೆಲ್ಲಗೆ ಎಚ್ಚರಿಸಿದ: "ಅಕ್ಕಾರ, ಹಂಗ ಹಲ್ಲ ಬಿಡಬ್ಯಾಡ್ರಿ, ರೇಟ್ ಏರತೈತಿ." ಅವಳಿಗೆ ಮುಖ ಬಿಗಿಹಿಡಿಯಲು ಆಗಲೇ ಇಲ್ಲ.

ಮಾರುವವನು ರಾಜಶೇಖರ, ಹತ್ತಿ ವ್ಯಾಪಾರದ ಮನುಷ್ಯ, ಮಾತಿನಲ್ಲಿ ನಯ. ಅವನ ಅಪ್ಪ ಕಟ್ಟಿಸಿದ ಮನೆ. ಅಪ್ಪ-ಅವ್ವ ಇಬ್ಬರೂ ಈಗಿಲ್ಲ. ದರ ಒಪ್ಪಿಗೆಯಾಯಿತು, ಸಂಚಕಾರದ ಮುಂಗಡ ಹಣ ಕೊಡುವುದೊಂದೇ ಬಾಕಿ. ಆಗ ಸಾವಂತ್ರೆವ್ವ ಯಾರೂ ಕೇಳದ ಒಂದು ಪ್ರಶ್ನೆ ಕೇಳಿದಳು.

"ಅಣ್ಣಾರ, ನಿಮಗ ಅಕ್ಕ-ತಂಗ್ಯಾರು ಅದಾರೇನ್ರಿ?"

"ಒಬ್ಬಾಕಿ ತಂಗಿ ಅದಾಳ್ರಿ, ರಜನಿ ಅಂತ. ಧಾರವಾಡದಾಗ ಇರ್ತಾಳ. ಆದರ ಆಕಿದೇನೂ ಇಲ್ಲಿ ಬರೂದಿಲ್ಲ. ಅಪ್ಪಾರು ಹ್ವಾದ ಮ್ಯಾಲೆ ಛಲೋ ಸೀರಿ ತಂದು ಉಡಿ ತುಂಬೇವಿ. ನನಗೇನೂ ಬ್ಯಾಡ ಅಂತ ದೇವರ ಮುಂದ ಆಕೀನ ಅಂದಾಳ."

ನಮ್ಮ ಕಡೆ ಹೀಗೆಯೇ. ತವರಿನವರು ಸೀರೆ, ಕುಬಸ, ಅಕ್ಕಿ, ಕೊಬ್ಬರಿ ಹಾಕಿ ಮಗಳ ಉಡಿ ತುಂಬುತ್ತಾರೆ. ಅದು ಪ್ರೀತಿ, ಅದು ಹಾರೈಕೆ. ಯಾವ ಪುಣ್ಯಾತ್ಮ ಶುರು ಮಾಡಿದನೋ, ಅದೇ ಉಡಿಯೊಳಗೆ ಆಸ್ತಿಯ ವಿಷಯವನ್ನೂ ಮುಗಿಸಿಬಿಡುವ ರೂಢಿ ಬಂದಿದೆ. ಅಣ್ಣನಿಗೆ ಅದು ಮೋಸ ಎನಿಸುವುದಿಲ್ಲ, ತಂಗಿಗೆ ನಷ್ಟ ಎನಿಸುವುದಿಲ್ಲ. ಸಾವಂತ್ರೆವ್ವನಿಗೂ ಹೆಬ್ಬಳ್ಳಿಯ ತವರಿನಲ್ಲಿ ಹಾಗೇ ಉಡಿ ತುಂಬಿದ್ದರು. ಹೊಸ ಸೀರೆ ಉಟ್ಟುಕೊಂಡೇ ಕಚೇರಿಗೆ ಹೋಗಿ ಅಣ್ಣಂದಿರು ತೋರಿಸಿದಲ್ಲಿ ಹೆಸರು ಬರೆದು ಬಂದಿದ್ದಳು. ಬಿಡುವುದಕ್ಕೆ ತನ್ನದೂ ಒಂದು ಪಾಲು ಇತ್ತು ಎಂಬುದು ಅವಳಿಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

ಅವಳು ಕಾಗದಪತ್ರ ಹಿಡಿದು ಧಾರವಾಡದ ವಕೀಲೆ ನೀಲಿಮಾ ಅವರ ಹತ್ತಿರ ಹೋದಳು. ಹಿಂದೆ ಬಂದೇನವಾಜ, ಅವನ ಹಿಂದೆ ಮುಖ ಊದಿಸಿಕೊಂಡ ರಾಜಶೇಖರ. ನೀಲಿಮಾ ಎಲ್ಲವನ್ನೂ ಸಾವಕಾಶವಾಗಿ ಓದಿದರು.

"ಕಾರ್ಪೊರೇಶನ್ ಉತಾರದಾಗ ನಂದೊಂದ ಹೆಸರೈತ್ರಿ ಬಾಯಾರ," ಎಂದ ರಾಜಶೇಖರ.

"ಉತಾರ ಮನಿ ತೆರಿಗಿ ತುಂಬಾಕ ಆತ್ರಿ. ಅದರಾಗ ಹೆಸರ ಬಂದ ಮಾತ್ರಕ್ಕ ಮನಿ ಪೂರಾ ನಿಮ್ಮದು ಆಗೂದಿಲ್ಲ. ನಿಮ್ಮ ತಂದಿಯವರು ಮೃತ್ಯುಪತ್ರ ಬರದಿಲ್ಲ. ಅಂದಮ್ಯಾಲೆ ಮಕ್ಕಳಿಬ್ಬರಿಗೂ ಸಮ ಪಾಲು. ಬಾಯಿಲೆ ಬ್ಯಾಡ ಅಂದದ್ದು ಕಾನೂನಿನಾಗ ನಡ್ಯೂದಿಲ್ರಿ. ತಂಗಿಯವರು ಹಕ್ಕು ಬಿಡುಗಡಿ ಪತ್ರ ಮಾಡಿ ನೋಂದಣಿ ಮಾಡಿಸಬೇಕು. ಇಲ್ಲಾಂದ್ರ ನಿಮ್ಮ ಜೋಡಿ ಅವರೂ ಮಾರುವವರಾಗಿ ಖರೇದಿ ಪತ್ರಕ್ಕ ಸಹಿ ಮಾಡಬೇಕು, ಅವರ ಪಾಲಿನ ರೊಕ್ಕ ಅವರಿಗೆ ಹೋಗಬೇಕು."

"ಅಷ್ಟ ಹೌದಲ್ರಿ? ಬಿಡುಗಡಿ ಪತ್ರ ಮಾಡಸೂಣು. ನಾ ಹೇಳಿದರ ಬಂದು ಸಹಿ ಮಾಡತಾಳ," ಎಂದ ರಾಜಶೇಖರ. ಬಂದೇನವಾಜನಿಗೆ ಹೋದ ಜೀವ ಬಂದಂತಾಯಿತು.

ಸಾವಂತ್ರೆವ್ವ ಅಲ್ಲಿಗೇ ಕೈ ತೊಳೆದುಕೊಂಡಿದ್ದರೆ ಯಾರೂ ಅವಳನ್ನು ತಪ್ಪು ಎನ್ನುತ್ತಿರಲಿಲ್ಲ. ರಜನಿ ಸಹಿ ಹಾಕಿದರೆ ಮನೆ ಕಾನೂನಿನ ಪ್ರಕಾರವೇ ಸಾವಂತ್ರೆವ್ವನದಾಗುತ್ತಿತ್ತು. ಆದರೆ ತವರಿನಲ್ಲಿ ತಾನು ತಿಳಿಯದೆ ಹಾಕಿದ ಸಹಿಯನ್ನು ಅವಳಿಗೆ ಮರೆಯಲು ಆಗಲಿಲ್ಲ. ಮರುದಿನ ಬೆಳಿಗ್ಗೆ ಧಾರವಾಡದ ಲಕಮನಹಳ್ಳಿಯಲ್ಲಿರುವ ರಜನಿಯ ಮನೆಗೆ ಹೊರಟುನಿಂತಳು. ಬಂದೇನವಾಜ ಫೋನಿನಲ್ಲೇ ತಲೆ ಚಚ್ಚಿಕೊಂಡ.

"ಅಕ್ಕಾರ, ಕೈಗೆ ಬಂದ ಮನಿ ಕಳಕೋತೀರಿ. ತಗೊಳ್ಳಾಕ ಇನ್ನೊಬ್ರು ಕಾಯಾಕತ್ತಾರ."

"ಕಾಯಲಿ ಬಿಡು ತಮ್ಮಾ."

ರಜನಿ ಅಣ್ಣ ಸಹಿ ಮಾಡಲು ಕರೆದನೆಂದು ಹೊರಡುವುದಕ್ಕೆ ಸೀರೆ ಇಸ್ತ್ರಿ ಮಾಡುತ್ತಿದ್ದಳು. ನೀವು ಮಾರುವ ಮನೆ ಕೊಳ್ಳುವವಳು ನಾನು ಎಂದು ಸಾವಂತ್ರೆವ್ವ ಗುರುತು ಹೇಳಿಕೊಂಡಾಗ ರಜನಿಗೆ ನಗು ಬಂತು.

"ನಾ ಎಲ್ಲಿ ಮಾರಾಕತ್ತೇನ್ರಿ? ಅಣ್ಣ ಮಾರಾಕತ್ತಾನ."

"ಅರ್ಧ ಮನಿ ನಿಮ್ಮದೈತಿ ತಂಗಿ. ಅದನ್ನ ನಿಮಗ ಯಾರೂ ಹೇಳಿಲ್ಲ ಅನಸತೈತಿ. ಬಿಟ್ಟುಕೊಡೋದಿದ್ರ ಖುಷಿಲೆ ಬಿಡ್ರಿ, ಅದೂ ಛಲೋ. ಆದರ ತಿಳದು ಬಿಡ್ರಿ. ಬ್ಯಾಡಂದ್ರ ಅಣ್ಣನ ಜೋಡಿ ನೀವೂ ಮಾರುವಾಕಿ ಆಗಬಹುದು."

ರಜನಿ ಇಸ್ತ್ರಿ ಪೆಟ್ಟಿಗೆ ಬದಿಗಿಟ್ಟಳು. ಸೀರೆಯನ್ನು ಮಡಚುತ್ತ ಕೇಳಿದಳು: "ಅಣ್ಣ ಮಾತು ಬಿಟ್ರ?"

"ಬಿಟ್ಟರೂ ಬಿಡಬಹುದು. ಅದನ್ನ ನಾ ಹೆಂಗ ಹೇಳ್ಲಿ? ನಾ ಸಹಿ ಮಾಡಿದ್ದಕ್ಕ ನನ್ನ ತವರುಮನಿ ಉಳೀತು. ಆದರ ಅಲ್ಲಿಗೆ ಹ್ವಾದಾಗೊಮ್ಮೆ ಪರರ ಮನಿಗೆ ಹೋದಂಗ ಕುರ್ಚಿ ತುದಿಗೆ ಕೂಡತೇನಿ."

"ನಾ ಪಾಲು ಕೇಳಿದ್ನಿ ಅಂತ ಅಣ್ಣ ಮನಿ ಮಾರೂದ ಬಿಟ್ರ ನಿಮಗ ಮನಿ ಹೋಗತೈತಲ್ರಿ."

"ಹುಬ್ಬಳ್ಳ್ಯಾಗ ಮನಿಗೇನ್ ಬರ ಐತೇನು," ಎಂದಳು ಸಾವಂತ್ರೆವ್ವ. ಇದು ಶುದ್ಧ ಸುಳ್ಳು. ಅವಳ ಕೈಗೆ ಎಟುಕುವ ಇನ್ನೊಂದು ಮನೆ ಇರಲಿಲ್ಲ. ತಿರುಗಿ ಬರುವಾಗ ಬಸ್ಸಿನಲ್ಲಿ ಅವಳ ಕಣ್ಣು ತುಂಬಿ ಬಂತು. ಆ ಅಡುಗೆಮನೆಯಲ್ಲಿ ಒಲೆ ಎಲ್ಲಿಡುವುದು ಎಂಬುದನ್ನೂ ಅವಳು ಮನಸ್ಸಿನಲ್ಲೇ ಗೊತ್ತು ಮಾಡಿಕೊಂಡಿದ್ದಳು.

ಎರಡು ದಿನ ಬಿಟ್ಟು ರಾಜಶೇಖರ ನೇರವಾಗಿ ಶೆಡ್ಡಿಗೇ ಬಂದ. ಮಷೀನುಗಳು ಒಂದೊಂದಾಗಿ ನಿಂತವು.

"ನಮ್ಮ ಮನ್ಯಾಗ ಬೆಂಕಿ ಹಚ್ಚಿದ್ರಲ್ರಿ. ಆ ಮನಿ ನಿಮಗಂತೂ ಕೊಡೂದಿಲ್ಲ."

"ಬಿಡ್ರಿ. ಆದರ ಯಾರಿಗೆ ಕೊಟ್ರೂ ಅವರ ವಕೀಲರೂ ಇದನ್ನ ಕೇಳತಾರ."

ಅಷ್ಟು ಹೇಳಿ ಸಾವಂತ್ರೆವ್ವ ಕುರ್ಚಿ ಹಾಕಿ ನೀರು ಕೊಟ್ಟಳು. ನೀರು ಕುಡಿದ ಮೇಲೆ ಅವನ ನಿಜವಾದ ನೋವು ಹೊರಬಿತ್ತು.

"ಪಾಲಿನ ಮಾತಲ್ರಿ ಅಕ್ಕಾರ. ದೇವರ ಮುಂದ ಬ್ಯಾಡ ಅಂದಾಕಿ ಈಗ ಬೇಕು ಅಂತಾಳಲ್ಲ, ಅದ ಮನಸಿಗೆ ಹತ್ತೇತಿ."

"ಇದರಾಗ ಅರ್ಧ ನಿಂದೈತಿ, ಬೇಕೋ ಬ್ಯಾಡೋ, ಅಂತ ಅವತ್ತ ಆಕೀನ್ನ ಕೇಳಿದ್ರೇನು?"

ರಾಜಶೇಖರ ಲೋಟ ಕೆಳಗಿಟ್ಟು ಎದ್ದು ಹೋದ. ಸಾವಂತ್ರೆವ್ವ ಮನೆಯ ಆಸೆ ಬಿಟ್ಟಳು. ಆಸೆ ಬಿಟ್ಟಳು ಎಂದರೆ, ಆ ಓಣಿಯ ಕಡೆ ಹೋಗುವುದನ್ನು ಬಿಟ್ಟಳು. ತಾನು ಮಾಡಿದ್ದು ಸರಿ ಎಂಬುದರಲ್ಲಿ ಮಾತ್ರ ಅವಳಿಗೆ ಎಳ್ಳಷ್ಟೂ ಅನುಮಾನ ಇರಲಿಲ್ಲ. ಆ ಹೆಮ್ಮೆಯಿಂದ ಹೊಟ್ಟೆ ತುಂಬುವುದಿಲ್ಲ ಎಂದು ಬಂದೇನವಾಜ ಹಂಗಿಸಿದಾಗ, ಅರ್ಧ ತುಂಬುತ್ತದೆ ಎಂದು ಜವಾಬು ಕೊಟ್ಟಳು.

ಮುಂದಿನ ವಾರ ಅದೇ ಬಂದೇನವಾಜ ಏದುಸಿರು ಬಿಡುತ್ತ ಬಂದ. ರಾಜಶೇಖರ ತಾನಾಗಿಯೇ ನೀಲಿಮಾ ಅವರ ಹತ್ತಿರ ಹೋಗಿ ಖರೇದಿ ಪತ್ರದಲ್ಲಿ ತಂಗಿಯ ಹೆಸರು ಸೇರಿಸಲು ಹೇಳಿದ್ದ. ಯಾಕೆಂದು ಕೇಳಿದ್ದಕ್ಕೆ, "ನಾವು ಆಕೀನ್ನ ಕೇಳಿರಲಿಲ್ಲ," ಎಂದಷ್ಟೇ ಅಂದನಂತೆ. ಮನೆ ಸಾವಂತ್ರೆವ್ವನಿಗೇ ಎಂದೂ ಹೇಳಿದ್ದನಂತೆ.

ನೋಂದಣಿ ಕಚೇರಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಾರುವವರು ಬನ್ನಿ ಎಂದು ಕರೆದಾಗ ರಾಜಶೇಖರ ಮುಂದೆ ಹೋದವನು ತಿರುಗಿ ನೋಡಿದ. ರಜನಿ ಗೋಡೆಗೆ ಆತು ನಿಂತಿದ್ದಳು.

"ಬಾ ರಜನಿ, ಮೊದಲ ನೀ ಮಾಡು," ಎಂದು ಜಾಗ ಬಿಟ್ಟ. ಅವನ ದನಿಯಲ್ಲಿ ಇನ್ನೂ ಸ್ವಲ್ಪ ಬಿಗಿತ ಇತ್ತು, ಇಲ್ಲವೆಂದರೆ ಸುಳ್ಳಾದೀತು. ಆದರೂ ಕರೆದನಲ್ಲ. ರಜನಿ ಹೆಬ್ಬೆಟ್ಟು ಒತ್ತಿ, ಫೋಟೋಕ್ಕೆ ಕುಳಿತು, ಸಹಿ ಮಾಡಿದಳು.

ಕೊಳ್ಳುವವರು ಎಂದು ಕರೆದಾಗ ಗುಮಾಸ್ತ ಬಂದೇನವಾಜನ ಕಡೆ ನೋಡಿದ.

"ನಾ ಅಲ್ರಿ ಸಾಹೇಬ್ರ," ಎಂದು ಅವನು ಹಿಂದೆ ಸರಿದ. ಸಾವಂತ್ರೆವ್ವ ಸೆರಗು ಸರಿಮಾಡಿಕೊಂಡು ಮೇಜಿನ ಮುಂದೆ ನಿಂತಳು.

ಅಧಿಕಾರಿ ಕಾಗದದಿಂದ ಮುಖ ಎತ್ತಿ, ದಿನಕ್ಕೆ ನೂರು ಸಲ ಕೇಳುವ ದನಿಯಲ್ಲಿ ಕೇಳಿದರು: "ಪತ್ರದಾಗ ಏನ್ ಬರದೈತಿ ಅಂತ ಗೊತ್ತೈತೇನವಾ?"

"ಗೊತ್ತೈತ್ರಿ," ಎಂದಳು ಸಾವಂತ್ರೆವ್ವ, ಇಡೀ ಕಚೇರಿಗೆ ಕೇಳಿಸುವಂತೆ. "ನನಗಷ್ಟ ಅಲ್ಲ, ಮಾರಾಕತ್ತಾಳಲ್ಲ, ಆಕಿಗೂ ಗೊತ್ತೈತಿ."