ಐವತ್ತು ಕೆಬಿಯ ಮಾರಿಯಮ್ಮ

ಆಂಡರ್ಸನ್‌ಪೇಟೆಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿರುವ ಸುಮಲತಳ ಬಾಯಿಗೆ ಹೆದರದವರಿಲ್ಲ. ಅರ್ಜಿ ಹಾಕಲು ಬಂದವರ ಫೋಟೋ ಐದು ಎಂಬಿ ಇದ್ದರೆ ಸಾಕು, ಇಷ್ಟು ದಪ್ಪದ್ದನ್ನು ಯಾರ ತಲೆ ಮೇಲೆ ಹಾಕಲಿ ಎಂದು ರೇಗುತ್ತಾಳೆ. ಬೈಯುತ್ತಲೇ ಪಿಎನ್‌ಜಿಯನ್ನು ಜೆಪಿಜಿ ಮಾಡಿ ಐವತ್ತು ಕೆಬಿಗೆ ಇಳಿಸುತ್ತಾಳೆ. ಚಿಕ್ಕದನ್ನು ಅವರ ಕಾರ್ಡಿಗೇ ಹಾಕಿ ದೊಡ್ಡದನ್ನು ಅಳಿಸಿಬಿಡುವುದು ಅವಳ ಚಾಳಿ. ಒಂದೇ ಫೋಟೋ ಎರಡೆರಡು ಇದ್ದರೆ ಅವಳಿಗೆ ಮೈ ಉರಿ.

ಅಂಥ ಬಾಯಿ ಮೊನ್ನೆಯಿಂದ ಬಿದ್ದುಹೋಗಿತ್ತು. ಹಿಂದೆ ಚಿನ್ನದ ಗಣಿಯಲ್ಲಿ ಕೆಲಸಕ್ಕಿದ್ದ ಪೆರುಮಾಳ್ ತಾತ ಬಂದು, ಹೆಂಡತಿ ಮಾರಿಯಮ್ಮ ತೀರಿಕೊಂಡಳು, ಹದಿನಾರನೇ ದಿನದ ಕಾರ್ಯಕ್ಕೆ ಬೀದಿ ತುದಿಯಲ್ಲಿ ಆಳೆತ್ತರದ ಬ್ಯಾನರ್ ಕಟ್ಟಬೇಕು ಎಂದು ಮೆಮೊರಿ ಕಾರ್ಡ್ ಕೊಟ್ಟಿದ್ದರು. ಕ್ಯಾಮೆರಾ ಕಂಡರೆ ಸೆರಗಿನಿಂದ ಮುಖ ಮುಚ್ಚಿಕೊಳ್ಳುತ್ತಿದ್ದ ಹೆಂಗಸು. ಇದ್ದದ್ದು ಒಂದೇ ಫೋಟೋ. ಸುಮಲತ ಕಾರ್ಡ್ ಹಾಕಿ ನೋಡಿದಳು. ಪಿಂಚಣಿ ಅರ್ಜಿಗೆಂದು ಆರು ತಿಂಗಳ ಹಿಂದೆ ತಾನೇ ಕುಗ್ಗಿಸಿದ ಪುಟ್ಟ ಮುಖ ಅಲ್ಲಿತ್ತು. ದೊಡ್ಡದು ಇರಲಿಲ್ಲ.

ನಾಳೆ ಬನ್ನಿ ಎಂದಳು. ಮಾರನೆಯ ದಿನ ಕರೆಂಟಿಲ್ಲ ಎಂದಳು. ತಲೆಯ ಮೇಲೆ ಫ್ಯಾನ್ ತಿರುಗುತ್ತಿತ್ತು. ತಾತ ಫ್ಯಾನನ್ನು ನೋಡಿ, ಹಾಗೇ ಹೊರಟರು.

ಬಂಗಾರಪೇಟೆಗೆ ಕಾರ್ಡ್ ಒಯ್ದು ತೋರಿಸಿದರೆ, ಕಂಪ್ಯೂಟರ್ ರಿಪೇರಿಯವನು ಅಳಿಸಿದ್ದು ಇನ್ನು ವಾಪಸ್ ಬರಲ್ಲ ಅಂದುಬಿಟ್ಟ. ಬೇರೆ ದಾರಿ ಕಾಣದೆ, ಆ ಚಿಕ್ಕದನ್ನೇ ಅಲ್ಲಿನ ಬ್ಯಾನರ್ ಅಂಗಡಿಯಲ್ಲಿ ಆಳೆತ್ತರಕ್ಕೆ ಪ್ರಿಂಟ್ ಹಾಕಿಸಿದಳು. ಬಿಚ್ಚಿ ನೋಡಿದರೆ ಬರೀ ಚೌಕಳಿ. ಕಣ್ಣೆಲ್ಲಿ, ಮೂಗೆಲ್ಲಿ! ಬಸ್ಸಿನಲ್ಲಿ ಸುರುಳಿಯನ್ನು ತೊಡೆಯ ಮೇಲಿಟ್ಟುಕೊಂಡು ಬಂದಳು. ಬೈದರೆ ಬೈಯಲಿ, ಹೊಡೆದರೆ ಹೊಡೆಯಲಿ. ಆ ಮುದುಕ ಅತ್ತುಬಿಟ್ಟರೆ ಏನು ಮಾಡುವುದು?

ತಾತ ಅಂಗಡಿಯ ಮೆಟ್ಟಿಲ ಮೇಲೆ ಕಾಯುತ್ತಿದ್ದರು. ಸುಮಲತ ಸ್ಟೂಲ್ ಹತ್ತಿ, ಬ್ಯಾನರನ್ನು ಬಿಚ್ಚಿ ಎರಡೂ ಕೈಯಲ್ಲಿ ಎತ್ತಿ ಹಿಡಿದಳು.

“ದೊಡ್ಡ ಫೋಟೋ ನಾನೇ ಅಳಿಸ್ಬುಟ್ಟೆ ತಾತ. ಉಳ್ದಿರೋದು ಇದೊಂದೇ.”

ತಾತ ಮುಖ ತಾಗುವಷ್ಟು ಹತ್ತಿರ ಬಂದು, ಚೌಕಗಳ ಮೇಲೆ ಕೈಯಾಡಿಸಿ ಹುಡುಕಿದರು. “ಇದ್ರಾಗೆ ಅವ್ಳೆಲ್ಲವ್ಳಮ್ಮ?” ಅಂದರು. ಆಮೇಲೆ ತಿರುಗಿ ನೋಡದೆ ರಸ್ತೆಗಿಳಿದರು. ಆಟೋ ಬರುತ್ತಿದ್ದುದೂ ಅವರ ಕಣ್ಣಿಗೆ ಬೀಳಲಿಲ್ಲ. ಬ್ಯಾನರ್ ಹಿಡಿದ ಸುಮಲತ ಹಾಗೇ ಕೂಗಿಕೊಂಡಳು. ಆಟೋದವನು ಬ್ರೇಕ್ ಹಾಕಿದ. ರಸ್ತೆಯ ಆ ಬದಿ ತಲುಪಿದ ತಾತ ಕೂಗಿಗೆ ತಿರುಗಿದರು. ತಿರುಗಿದವರು ಅಲ್ಲೇ ನಿಂತುಬಿಟ್ಟರು.

“ಇಳಿಸ್ಬೇಡಮ್ಮ,” ಅಂದರು. “ಇಲ್ಲಿಂದ ಕಾಣ್ತಾವ್ಳೆ.”

ಒಂದೆರಡು ಹೆಜ್ಜೆ ಹತ್ತಿರ ಬಂದರು. ಮುಖ ಮತ್ತೆ ಚೌಕಗಳಾಗಿ ಒಡೆಯಿತೇನೋ. ನಿಂತರು. ಹೆದರಿದವರ ಹಾಗೆ ಬೇಗ ಬೇಗ ಹಿಂದಕ್ಕೆ ಹೋದರು. ಸುಮಲತಳ ತೋಳುಗಳು ಸೋತುಹೋಗಿದ್ದವು. ಅವಳು ಕೈ ಇಳಿಸಲಿಲ್ಲ.