ಸದ್ಯ ಎಲ್ಲಿದ್ದೀರಾ?

ಕೆಲಸ ಕೇಳಿಕೊಂಡು ಹೋದವರಲ್ಲಿ ಇರಲೇಬಾರದ ದೋಷ ಯಾವುದು ಅಂತ ನಾಗಲಕ್ಷ್ಮಿಗೆ ಅರ್ಥವಾಗಲು ಒಂದು ವರ್ಷ ಹಿಡಿಯಿತು. ಇಂಗ್ಲಿಷ್ ತಡವರಿಸುವುದಲ್ಲ, ವಯಸ್ಸು ನಲವತ್ತು ಮುಟ್ಟಿರುವುದೂ ಅಲ್ಲ. ಕೈಯಲ್ಲಿ ಕೆಲಸ ಇಲ್ಲದಿರುವುದೇ ಆ ದೋಷ. ಉಂಡು ಬಂದವರಿಗಷ್ಟೇ ಎಲೆ ಹಾಕುತ್ತೇವೆ, ಹಸಿದವರು ದಯವಿಟ್ಟು ಗೇಟಿನ ಹೊರಗೇ ಇರಿ ಎನ್ನುವ ಮದುವೆಮನೆಯನ್ನು ಯಾರಾದರೂ ಕಂಡಿದ್ದೀರಾ? ನಮ್ಮ ಊರಿನ ಆಫೀಸುಗಳಲ್ಲಿ ದಿನವೂ ನಡೆಯುವುದು ಅದೇ, ಅದೂ ಎಸಿ ಹಾಕಿಕೊಂಡು, ನಗುನಗುತ್ತಾ.

ಅವಳು ಯಶವಂತಪುರದಲ್ಲಿ ರಟ್ಟಿನ ಪೆಟ್ಟಿಗೆ ಮಾಡುವ ಕಾರ್ಖಾನೆಯೊಂದರಲ್ಲಿ ಲೆಕ್ಕಪತ್ರ ನೋಡಿಕೊಂಡಿದ್ದವಳು. ಹಳೆಯ ಮಾಲೀಕರು ತೀರಿಕೊಂಡ ಮೇಲೆ ಮಕ್ಕಳು ಆ ಜಾಗವನ್ನು ಅಪಾರ್ಟ್‌ಮೆಂಟಿನವರಿಗೆ ಮಾರಿದರು. ಅವತ್ತು ಎಲ್ಲರಿಗೂ ಸ್ವೀಟ್ ಬಾಕ್ಸ್ ಕೊಟ್ಟು ಕಳಿಸಿದರು. ಆ ಬಾಕ್ಸನ್ನೂ ಇವರೇ ಮಾಡಿದ್ದು.

ಗಂಡನ ಜೊತೆ ಬಾಳುವುದು ಆಗದ ಮಾತು ಅಂತ ಗೊತ್ತಾದಾಗ ಮಗಳು ಮೋನಿಕಾ ಇನ್ನೂ ಎಲ್‌ಕೆಜಿ. ಅಪ್ಪ ತಮ್ಮ ಪಾಲಿನ ಜಮೀನನ್ನು ಏರ್‌ಪೋರ್ಟ್ ರಸ್ತೆ ಬರುವುದಕ್ಕೆ ಮೊದಲೇ ಮಾರಿ, ಆ ದುಡ್ಡನ್ನೂ ಮುಗಿಸಿ ಕಣ್ಣು ಮುಚ್ಚಿದ್ದರು. ಆಗ ಕರೆದು ಇಟ್ಟುಕೊಂಡವರು ದೊಡ್ಡಪ್ಪ ಚಿಕ್ಕಬೈರಪ್ಪ. ಕೆಂಪಾಪುರದಲ್ಲಿ ಅವರದು ನಾಲ್ಕು ಅಂತಸ್ತಿನ ಕಟ್ಟಡ. ಕೆಳಗೆ ಅವರ ಬಿಲ್ಡರ್ ವ್ಯವಹಾರದ ಆಫೀಸು, ನಡುವೆ ಮನೆ, ಅದರ ಮೇಲೆ ಪಿಜಿ ಹುಡುಗಿಯರು, ತಾರಸಿಯಲ್ಲಿ ಒಂದು ಶೀಟಿನ ರೂಮು. ಆ ರೂಮು ನಾಗಲಕ್ಷ್ಮಿಗೆ. ಬಾಡಿಗೆ ಅವರು ಯಾವತ್ತೂ ಕೇಳಲಿಲ್ಲ. ಬಾಡಿಗೆ ಕೇಳದ ಮನೆಯಲ್ಲಿರುವುದು ಸುಖ ಎಂದುಕೊಂಡವರು ಒಂದು ತಿಂಗಳು ಇದ್ದು ನೋಡಬೇಕು. 'ನಾಗೂ, ಬಟ್ಟೆ ತೆಗೀ', 'ನಾಗೂ, ಅವರೆಕಾಯಿ ಬಿಡ್ಸ್‌ಬಾರೇ' ಅಂತ ದೊಡ್ಡಮ್ಮ ಕೃಷ್ಣಮ್ಮ ಯಾವ ಹೊತ್ತಿಗೆ ಕೂಗಿದರೂ ಇಳಿದು ಹೋಗಬೇಕು. ಕೆಟ್ಟವರಲ್ಲ ಪಾಪ, ಕರೆದು ಹೋಳಿಗೆಯನ್ನೂ ಕೊಡುತ್ತಾರೆ. ಆದರೂ ನಾಗಲಕ್ಷ್ಮಿಗೆ ಇದ್ದ ಆಸೆ ಒಂದೇ. ಮತ್ತೆ ಒಂದು ಸಂಬಳ ಬರಬೇಕು, ಅಮೃತಹಳ್ಳಿಯಲ್ಲಿ ಒಂದು ಸಣ್ಣ ಬಾಡಿಗೆ ಮನೆ ಹಿಡಿಯಬೇಕು, ಈಗ ಪಿಯುಸಿಗೆ ಬಂದಿರುವ ಮೋನಿಕಾ ಬಾಗಿಲು ಹಾಕಿಕೊಂಡು ಓದಬೇಕು.

ಹೆಬ್ಬಾಳದ ಆಸ್ಪತ್ರೆಗೆ ಹೋದಳು, ಆರ್‌.ಟಿ. ನಗರದ ಶಾಲೆಗೆ ಹೋದಳು, ಎಲ್ಲೆಲ್ಲಿ ಜಾಗ ಖಾಲಿ ಅಂದರೋ ಅಲ್ಲೆಲ್ಲ ಹೋದಳು. ಮಾತು ಚೆನ್ನಾಗಿಯೇ ಶುರುವಾಗುತ್ತಿತ್ತು. ಟ್ಯಾಲಿ ಬರುತ್ತಾ, ಬರುತ್ತೆ. ಜಿಎಸ್‌ಟಿ ಗೊತ್ತಾ, ಗೊತ್ತು. ಆಮೇಲೆ ಆ ಪ್ರಶ್ನೆ.

"ಸದ್ಯ ಎಲ್ಲಿದ್ದೀರಾ?"

"ಸದ್ಯ ಮನೇಲೇ ಇದ್ದೀನಿ ಸರ್."

ಅಲ್ಲಿಗೆ ಎದುರಿನವರ ಪೆನ್ನು ಕೆಳಗಿಳಿಯುತ್ತಿತ್ತು. ಒಬ್ಬರು ನೇರವಾಗಿಯೇ, "ನಾವು ಈಗ ಕೆಲ್ಸದಲ್ಲಿ ಇರೋರನ್ನೇ ತಗೊಳ್ಳೋದು ಮೇಡಂ, ಮ್ಯಾನೇಜ್‌ಮೆಂಟ್ ರೂಲು," ಅಂದರು. ಇನ್ನೊಬ್ಬ ಮಹಾಶಯ ವಿಳಾಸ ನೋಡಿ ಕಣ್ಣು ಮಿಟುಕಿಸಿದ. "ಕೆಂಪಾಪುರನಾ? ಲೋಕಲ್ ಅನ್ನಿ! ಬಾಡಿಗೆ ಬರುತ್ತೆ ಬಿಡಿ. ಅದಕ್ಕೇ ಒಂದು ವರ್ಷ ಆರಾಮಾಗಿ ಕೂತಿದ್ದೀರಾ." ನಾಗಲಕ್ಷ್ಮಿ ಅಲ್ಲಿ ನಕ್ಕು, ಬಸ್ಸಿನಲ್ಲಿ ಅತ್ತಳು. ಆರಾಮಂತೆ! ಆ ಮಾತಾಡಿದವನ ನಾಲಿಗೆಗೆ ಏನು ಹೇಳಬೇಕೋ ನನಗಂತೂ ತಿಳಿಯದು.

ದಾರಿ ತೋರಿಸಿದವಳು ಮಲ್ಕಾ. ಕಾರ್ಖಾನೆಯಲ್ಲಿ ಇವಳ ಪಕ್ಕದ ಮೇಜಿನವಳು, ಈಗ ಯಲಹಂಕದಲ್ಲಿ ಔಷಧಿ ಸಾಗಿಸುವ ಕಂಪನಿಯೊಂದರ ಸ್ಟೋರ್ಸಿನಲ್ಲಿದ್ದಳು. "ಅಕ್ಕಾ, ಮನೇಲಿದ್ದೀನಿ ಅಂತ ಮಾತ್ರ ಬಾಯಿ ಬಿಡ್ಬೇಡಿ. ಸಂಬಳ ಇಲ್ದಿದ್ರೂ ಪರ್ವಾಗಿಲ್ಲ, ಎಲ್ಲಾದ್ರೂ ಒಂದು ಕಡೆ ಹೋಗಿ ಕೆಲಸ ಮಾಡಿ. ನಮ್ಮಲ್ಲಿ ಜಾಗ ಖಾಲಿಯಾದ ತಕ್ಷಣ ಹೇಳ್ತೀನಿ," ಅಂದಳು.

ನಾಗಲಕ್ಷ್ಮಿ ದೊಡ್ಡಪ್ಪನನ್ನೇ ಕೇಳಿದಳು. ಪಿಜಿಗಳ ಬಾಡಿಗೆ, ಸಿಮೆಂಟಿನವರ ಬಿಲ್ಲು, ಬ್ಯಾಂಕಿನ ಕಾಗದ ಎಲ್ಲ ಅವರ ಆಫೀಸಿನಲ್ಲಿ ಹುಲ್ಲಿನ ಮೆದೆಯ ಹಾಗೆ ಬಿದ್ದಿದ್ದವು. "ಬಾರವ್ವ, ಅದ್ಕೇನ್ ಕೇಳ್ತೀಯ?" ಅಂದರು ಅವರು ಸಂತೋಷದಿಂದ. ಮರುದಿನ ಬೆಳಿಗ್ಗೆಯಿಂದಲೇ ಅವಳು ಗಾಜಿನ ಅಡ್ಡಗೋಡೆಯ ಆಚೆ ಕುಳಿತಳು. ಹೆಸರಿಗೆ ಕೂತದ್ದಲ್ಲ, ಮೈ ಬಗ್ಗಿಸಿ ದುಡಿದಳು. ಹಳೇ ಬಾಕಿಯೆಲ್ಲ ಸರಿ ಮಾಡಿದಳು, ದಂಡ ಕಟ್ಟುವುದು ತಪ್ಪಿಸಿದಳು, ಎರಡೆರಡು ಸಲ ಬಿಲ್ಲು ಹಾಕುತ್ತಿದ್ದ ಕಬ್ಬಿಣದಂಗಡಿಯವನನ್ನು ಹಿಡಿದಳು. ಸಂಬಳ ಅನ್ನುವ ಮಾತು ದೊಡ್ಡಪ್ಪನ ಬಾಯಲ್ಲಿ ಬರಲಿಲ್ಲ, ಕೇಳಲು ಇವಳಿಗೂ ಬಾಯಿ ಬರಲಿಲ್ಲ. ಗೌರಿ ಹಬ್ಬಕ್ಕೆ ಒಳ್ಳೆಯ ರೇಷ್ಮೆ ಸೀರೆ ಬಂತು.

ಮಳೆಗಾಲ ಮುಗಿಯುವ ಹೊತ್ತಿಗೆ ಜಾಗ ಖಾಲಿಯಾಗಿದೆ ಅಂತ ಮಲ್ಕಾ ಫೋನ್ ಮಾಡಿದಳು, ನಾಗಲಕ್ಷ್ಮಿ ಹೋದಳು. ಯಲಹಂಕದ ಆ ಕಂಪನಿಯಲ್ಲಿ ಜನರನ್ನು ಸೇರಿಸಿಕೊಳ್ಳುವ ಹುಡುಗಿಯ ಹೆಸರು ಶೀತಲ್. ಮೋನಿಕಾಗಿಂತ ಸ್ವಲ್ಪ ದೊಡ್ಡವಳಿರಬೇಕು, ಅಷ್ಟೇ.

"ಸದ್ಯ ಎಲ್ಲಿದ್ದೀರಾ ಮೇಡಂ?"

"ಕೆಂಪಾಪುರದಲ್ಲಿ ಒಬ್ಬ ಬಿಲ್ಡರ್ ಆಫೀಸಲ್ಲಿ. ಅಕೌಂಟ್ಸ್ ಪೂರ್ತಿ ನಾನೇ ನೋಡ್ಕೊತೀನಿ."

ಸುಳ್ಳಿಲ್ಲದ ಮಾತಾದ್ದರಿಂದ ಅವಳ ದನಿ ನಡುಗಲಿಲ್ಲ. ಶೀತಲ್ ಮುಖ ಅರಳಿತು, ಕಾಫಿ ತರಿಸಿದಳು, ಯಾವಾಗ ಸೇರುತ್ತೀರಿ ಅಂತಲೂ ಕೇಳಿದಳು. ಅದೇ ಹೆಂಗಸು, ಅದೇ ವಿದ್ಯೆ, ಅದೇ ಕಾಟನ್ ಸೀರೆ. 'ಮನೇಲಿದ್ದೀನಿ' ಅನ್ನುವುದು ಹೋಗಿ 'ಆಫೀಸಲ್ಲಿದ್ದೀನಿ' ಬಂದಿತ್ತು, ಅಷ್ಟಕ್ಕೇ ಇವಳು ಯೋಗ್ಯಳಾಗಿಬಿಟ್ಟಳು! "ಆಲ್‌ಮೋಸ್ಟ್ ಓಕೆ ಮೇಡಂ. ನಿಮ್ಮ ಓನರಿಗೆ ಒಂದು ಕಾಲ್ ಮಾಡಿ ವಿಚಾರಿಸ್ಬೇಕು, ಅದು ಎಲ್ಲರಿಗೂ ಮಾಡ್ತೀವಿ."

ಸಂಜೆ ನಾಗಲಕ್ಷ್ಮಿ ದೊಡ್ಡಪ್ಪನಿಗೆ ಬಿಡಿಸಿ ಹೇಳಿದಳು. "ಒಂದು ಫೋನ್ ಬರುತ್ತೆ ದೊಡ್ಡಪ್ಪ. ನಾಗಲಕ್ಷ್ಮಿ ನಮ್ಮಲ್ಲಿ ಕೆಲಸ ಮಾಡ್ತಾಳೆ ಅಂತ ಹೇಳಿ. ಅಷ್ಟೇ ಸಾಕು."

"ಏಳ್ತೀನಿ ಬುಡವ್ವ. ಅದೇನ್ ದೊಡ್ ಇಸ್ಯ?" ಅಂದರು ಅವರು.

ಫೋನು ಬಂದದ್ದು ಮರುದಿನ ಊಟದ ನಂತರ. ಅದೇ ಹೊತ್ತಿಗೆ ರಾಜಾನುಕುಂಟೆಯಿಂದ ವೆಂಕಟರಾಮಯ್ಯ ಎನ್ನುವ ನೆಂಟರೊಬ್ಬರು ಜಾಗದ ವ್ಯವಹಾರ ಮಾತಾಡಲು ಬಂದು ಕೂತಿದ್ದರು. ದೊಡ್ಡಪ್ಪ ಫೋನನ್ನು ಯಾವಾಗಲೂ ಸ್ಪೀಕರಿಗೆ ಹಾಕಿ ಕೈ ದೂರ ಹಿಡಿದೇ ಮಾತಾಡುವವರು. ಗಾಜಿನಾಚೆ ಕೂತಿದ್ದ ನಾಗಲಕ್ಷ್ಮಿಗೆ ಶೀತಲಳ ದನಿ ಸ್ಪಷ್ಟವಾಗಿ ಕೇಳಿತು.

"ಸರ್, ನಾಗಲಕ್ಷ್ಮಿ ಅನ್ನೋರು ನಿಮ್ಮ ಹತ್ರ ಕೆಲಸಕ್ಕಿದ್ದಾರಾ?"

ದೊಡ್ಡಪ್ಪ ಬಾಯಿ ತೆರೆದರು. ಅಷ್ಟರಲ್ಲಿ ವೆಂಕಟರಾಮಯ್ಯ ಹುಬ್ಬೇರಿಸಿ, "ಏನಪ್ಪಾ ಬೈರಪ್ಪ, ತಮ್ಮನ್ ಮಗಳನ್ನ ಕೆಲಸಕ್ಕಿಕ್ಕೊಂಡಿದ್ದೀಯಾ?" ಅಂದುಬಿಟ್ಟರು. ಆ ಮನುಷ್ಯ ಅವತ್ತು ಬರದಿದ್ದರೆ! ಬಂದರೂ ಬಾಯಿ ಮುಚ್ಚಿಕೊಂಡು ಕಾಫಿ ಕುಡಿದಿದ್ದರೆ!

ಚಿಕ್ಕಬೈರಪ್ಪನವರ ಮುಖ ಕೆಂಪಾಯಿತು. "ಯಾರಮ್ಮ ನೀನು? ಯಾರ್ ಏಳಿದ್ ನಿಂಗೆ ಇಂಗಂತ? ಕೆಲಸದೋಳಲ್ಲ ಅವ್ಳು, ನಮ್ಮನೆ ಮಗಳು. ದುಡ್ಕೊಂಡ್ ತಿನ್ನೋ ಗತಿ ನಾವ್ ಮಡಗಿಲ್ಲ. ಒಂದ್ ರೂಪಾಯ್ ಸಂಬಳ ಕೊಟ್ಟಿಲ್ಲ ನಾನು, ತಿಳ್ಕೊ!"

ನಾಗಲಕ್ಷ್ಮಿ ಎದ್ದು ನಿಂತಳು. ಬಾಗಿಲ ತನಕ ಬಂದಳು. ಬಂದ ನೆಂಟರ ಮುಂದೆ ದೊಡ್ಡಪ್ಪನ ಕೈಯಿಂದ ಫೋನು ಕಿತ್ತುಕೊಳ್ಳುವಷ್ಟು ಎದೆ ಅವಳಿಗಿರಲಿಲ್ಲ. ಹಾಗೆ ಬೆಳೆದವಳೂ ಅಲ್ಲ. ಅಷ್ಟರಲ್ಲಿ ಫೋನು ಕಟ್ಟಾಯಿತು.

ಸ್ವಲ್ಪ ಹೊತ್ತಿಗೆ ಅವಳ ಫೋನೇ ಬಡಿದುಕೊಂಡಿತು. "ಸಾರಿ ಮೇಡಂ," ಅಂದಳು ಶೀತಲ್. ದನಿಯಲ್ಲಿ ನಿನ್ನೆಯ ಕಾಫಿ ಇರಲಿಲ್ಲ. "ನೀವು ಕೆಲಸದಲ್ಲಿಲ್ಲ ಅಂತ ಅವರೇ ಹೇಳಿದ್ರು."

"ಇಲ್ಲಮ್ಮಾ, ನಾನು ಇಲ್ಲೇ ಕೂತು ಕೆಲಸ ಮಾಡ್ತಿದ್ದೀನಿ, ಈಗಲೂ. ಬೇಕಾದ್ರೆ ಬಂದು ನೋಡಿ."

"ಸ್ಯಾಲರಿ ಸ್ಲಿಪ್ ಇದೆಯಾ?"

ಇರಲಿಲ್ಲ. "ಇದ್ದಿದ್ದನ್ನೇ ಹೇಳಿದ್ರೆ ಬೇರೆ ಮಾತು ಮೇಡಂ. ಸುಳ್ಳು ಹೇಳಿದ್ರೆ ನಮ್ಮಲ್ಲಿ ಮುಂದಕ್ಕೆ ಹೋಗಲ್ಲ," ಅಂದಳು ಹುಡುಗಿ. ನಿಜ ಹೇಳಿದ್ದಾಗ ಯಾರು ಕೆಲಸ ಕೊಟ್ಟಿದ್ದರು ಅಂತ ನಾಗಲಕ್ಷ್ಮಿ ಕೇಳಬೇಕೆಂದುಕೊಂಡಳು. ಅಷ್ಟು ಹೊತ್ತಿಗೆ ಅತ್ತ ಕಡೆ ಫೋನು ಇಟ್ಟಾಗಿತ್ತು.

ವೆಂಕಟರಾಮಯ್ಯನವರನ್ನು ಕಾರಿನ ತನಕ ಬಿಟ್ಟು ದೊಡ್ಡಪ್ಪ ಒಳಗೆ ಬಂದರು. ತುಂಬಾ ಸಮಾಧಾನವಾಗಿದ್ದರು. "ಕೇಳ್ದ್ಯಾ ನಾಗೂ? ಅವ್ನ್ ಮುಂದೆ ನಿನ್ ಮರ್ವಾದೆ ಉಳ್ಸ್‌ದೆ."

ಅವಳಿಗೆ ಸಿಟ್ಟೂ ಅಳುವೂ ಒಟ್ಟಿಗೆ ನುಗ್ಗಿ ಬಂದವು. "ದೊಡ್ಡಪ್ಪ, ಇಷ್ಟು ತಿಂಗಳು ನಾನಿಲ್ಲಿ ಏನು ಮಾಡ್ತಿದ್ದೆ?"

ಅವರಿಗೆ ಪ್ರಶ್ನೆಯೇ ವಿಚಿತ್ರವೆನಿಸಿತು. "ಏನ್ ಮಾಡ್ತೀಯ, ಬಂದ್ ಕೂತ್ಕಂತೀಯ. ಮೇಲ್ ಒಬ್ಳೇ ಇದ್ರೆ ಬೇಜಾರು. ಇಲ್ ಒತ್ತು ಓಗ್ತದೆ."

ನಾಗಲಕ್ಷ್ಮಿ ಕಂಪ್ಯೂಟರ್ ಆರಿಸಿದಳು. ಊಟದ ಡಬ್ಬಿ, ಕನ್ನಡಕ ಬ್ಯಾಗಿಗೆ ಹಾಕಿಕೊಂಡಳು. "ನಾಳೆಯಿಂದ ಬರಲ್ಲ ದೊಡ್ಡಪ್ಪ."

"ಯಾಕವ್ವಾ?" ಚಿಕ್ಕಬೈರಪ್ಪ ಗಾಬರಿಯಾದರು. "ನಾಳೆ ಜಿಎಸ್‌ಟಿ ಕಟ್ಟಕ್ ಕಡೇ ದಿನ ಅಂತ ನೀನೇ ಅಂದಿದ್ದಲ್ಲ? ಬ್ಯಾಂಕ್‌ನೋರ್ ಬೇರೆ ಬತ್ತಾರೆ. ಇದ್ನೆಲ್ಲ ಯಾರ್ ಮಾಡೋರು?"

"ಸಂಬಳ ಕೊಟ್ಟು ಯಾರನ್ನಾದ್ರೂ ಇಟ್ಕೊಳ್ಳಿ. ಫೋನ್ ಬಂದ್ರೆ, ಹೌದು, ನಮ್ಮಲ್ಲಿ ಕೆಲಸ ಮಾಡ್ತಾರೆ ಅನ್ನೋಕೆ ನಿಮಗೆ ನಾಚಿಕೆಯಾಗದಂಥೋರನ್ನ."

ಇಷ್ಟು ಮಾತನ್ನು ಅವಳು ಜನ್ಮದಲ್ಲಿ ಅವರೆದುರು ಆಡಿರಲಿಲ್ಲ. ಆಡಿದವಳೇ ಹೊರಟಳು. ಹೋಗಲು ಇದ್ದದ್ದು ಮಾತ್ರ ಅವರದೇ ಮೆಟ್ಟಿಲು, ಅವರದೇ ತಾರಸಿ, ಅವರದೇ ರೂಮು.